ಬರಿ ಹಣೆಯಲ್ಲಿ ಪುಸ್ತಕ ಹಂಚಿದ್ದು

ಗಂಡ ತೀರಿಕೊಂಡ ಮೇಲೆ ನಾನು ಧಾರವಾಡ ಬಿಟ್ಟು ಮುಂಬಯಿಯ ಸಾಂತಾಕ್ರೂಜ್‌ನ ಚಾಳಿನಲ್ಲಿದ್ದ ಅಣ್ಣನ ಮನೆಗೆ ಬಂದೆ. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು, ನನಗೆ ಇಪ್ಪತ್ತಾರು. ಅಣ್ಣ ಆಫೀಸೊಂದರಲ್ಲಿ ಕ್ಲಾರ್ಕ್. ನನ್ನನ್ನು ಪ್ರೀತಿಯಿಂದಲೇ ಇಟ್ಟುಕೊಂಡಿದ್ದ. ಆದರೆ ಬೆಳಿಗ್ಗೆ ಅವನು ಹೊರಡುವ ಹೊತ್ತಿಗೆ ನಾನು ಅಡಿಗೆಮನೆಯಿಂದ ಈಚೆ ಬರಬಾರದು ಎಂಬುದು ಯಾರೂ ಬಾಯಿಬಿಟ್ಟು ಹೇಳದ ನಿಯಮ. ಬರಿ ಹಣೆಯ ಹೆಂಗಸು ಎದುರಾದರೆ ಹೋದ ಕೆಲಸ ಆಗುವುದಿಲ್ಲವಂತೆ.

ಗುರುವಾರ ಮಧ್ಯಾಹ್ನ ಪಕ್ಕದ ಬಿಲ್ಡಿಂಗಿನಲ್ಲಿ ಹೆಂಗಸರ ಭಜನೆ ಇರುತ್ತಿತ್ತು. ಅಲ್ಲಿಯ ಹಿರಿಯರೊಬ್ಬರು ಕೃಷ್ಣನ ಕಥೆ, ದೇವರ ಹಾಡು ಇರುವ ಸಣ್ಣ ಪುಸ್ತಕಗಳನ್ನು ಕನ್ನಡ, ಮರಾಠಿ, ಹಿಂದಿಯಲ್ಲಿ ಅಚ್ಚು ಹಾಕಿಸಿದ್ದರು. ದಾರಿಯಲ್ಲಿ ಸಿಕ್ಕವರಿಗೆ ಇವನ್ನು ಸುಮ್ಮನೆ ಕೊಡಬೇಕು, ಯಾರು ಕೊಡುತ್ತೀರಿ ಎಂದು ಕೇಳಿದರು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಬೀದಿಯಲ್ಲಿ ನಿಲ್ಲುವುದೆಂದರೆ ನಾಚಿಕೆ. ನಾನು ಕೊಡುತ್ತೇನೆ ಎಂದೆ. ಅವರು ಒಂದು ಚೀಲದ ತುಂಬ ಪುಸ್ತಕ ತುಂಬಿ ಕೊಟ್ಟರು.

ಮರುದಿನ ಅಣ್ಣ ಹೋದ ಮೇಲೆ ಚೀಲ ಹಿಡಿದು ಸ್ಟೇಷನ್ನಿಗೆ ಹೋಗಿ ಒಂದು ಕಂಬದ ಮರೆಯಲ್ಲಿ ನಿಂತೆ. ಜನ ಲೋಕಲ್ ಹಿಡಿಯಲು ಓಡುತ್ತಿದ್ದರು. ಟೈ ಕಟ್ಟಿದವರೊಬ್ಬರು ಪುಸ್ತಕಕ್ಕೆ ಕೈ ಚಾಚಿ, ನನ್ನ ಹಣೆ ನೋಡಿ, ಕೈ ಹಿಂದಕ್ಕೆ ತೆಗೆದುಕೊಂಡರು. ಅಪಶಕುನ ಕಳೆಯಲೆಂದು ನಾಲ್ಕು ಹೆಜ್ಜೆ ಹಿಂದೆ ಹೋಗಿ ಒಂದು ಗಳಿಗೆ ನಿಂತರು, ಬಾಯಲ್ಲೇ ಏನೋ ಅಂದುಕೊಂಡರು, ಆಮೇಲೆ ಹೋದರು. ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳೋಣ ಅನ್ನಿಸಿತು. ಹೋಗಲಿಲ್ಲ. ಮಾರನೆಯ ದಿನ ಕಂಬದ ಮರೆ ಬಿಟ್ಟು ಮೆಟ್ಟಿಲಿನ ಬುಡದಲ್ಲೇ ನಿಂತೆ. ಹತ್ತುವವರು ನನ್ನನ್ನು ನೋಡಿಯೇ ಹತ್ತಲಿ.

ಸುದ್ದಿ ಅಣ್ಣನಿಗೆ ಮುಟ್ಟಲು ವಾರವೂ ಬೇಕಾಗಲಿಲ್ಲ. ಊಟ ಮುಗಿಸಿ ಮೆಲ್ಲಗೆ ಮಾತು ತೆಗೆದ. ಪುಸ್ತಕ ಹಂಚುವುದು ಒಳ್ಳೆಯದೇ, ಸಂಜೆ ಗುಡಿಯಲ್ಲಿ ಹಂಚು, ಬೆಳಿಗ್ಗೆ ಕೆಲಸಕ್ಕೆ ಹೋಗುವವರ ಎದುರು ಯಾಕೆ ಎಂದ. ಅವನ ಆಫೀಸಿನವರೂ ಅದೇ ಸ್ಟೇಷನ್ನಿನಲ್ಲಿ ಗಾಡಿ ಹತ್ತುತ್ತಾರಂತೆ. ಅವನ ಹೆಂಡತಿ, ನನ್ನ ವೈನಿ, ತಲೆ ಬಗ್ಗಿಸಿ ತಾಟು ಎತ್ತುತ್ತಿದ್ದರು.

“ದೇವರ ಪುಸ್ತಕ ಕೊಡ್ಲಿಕತ್ತೀನಿ ಅಣ್ಣಾ. ಜನಾ ಪುಸ್ತಕ ನೋಡ್ಲಿ. ನನ್ನ ಹಣಿ ಯಾಕ ನೋಡ್ತಾರ?” ಎಂದೆ.

ಅವನ ಎದುರು ನಾನು ಹಾಗೆ ಮಾತಾಡಿದ್ದು ಅದೇ ಮೊದಲು. ಅವನು ಎದ್ದುಹೋದ. ಮರುದಿನದಿಂದ ನಾನು ಅವನ ಜೊತೆಗೇ, ಅದೇ ಹೊತ್ತಿಗೆ, ಮುಂಬಾಗಿಲಿನಿಂದ ಹೊರಬೀಳತೊಡಗಿದೆ.

ಭಾನುವಾರ ಲೋಕಲ್ ಹಿಡಿದು ಊರಂಚಿನ ದಹಿಸರ್‌ಗೆ ಹೋಗುತ್ತಿದ್ದೆ. ಅಲ್ಲಿ ಬಿಲ್ಡಿಂಗ್ ಕೆಲಸಕ್ಕೆ ಬಿಜಾಪುರದ ಕಡೆಯವರು ಬಹಳ ಇದ್ದರು. ಇಟ್ಟಿಗೆ ಹೊರುವ ಒಬ್ಬಳು, ನನ್ನದೇ ವಯಸ್ಸಿನವಳು, ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ನನ್ನ ಕೈಗೇ ವಾಪಸು ಇಟ್ಟಳು.

“ನಮಗ ಓದಾಕ ಬರಂಗಿಲ್ಲರಿ ಅಕ್ಕಾರ. ನೀವ ಓದ್ರಿ, ಕೇಳ್ತೀವಿ.”

ಅಲ್ಲಿಯವರೆಗೆ ಎಷ್ಟೋ ಪುಸ್ತಕ ಕೊಟ್ಟಿದ್ದೆ, ಓದಲು ಬರುತ್ತದೆಯೇ ಎಂದು ಒಬ್ಬರನ್ನೂ ಕೇಳಿರಲಿಲ್ಲ. ಮರಳಿನ ಗುಡ್ಡೆಯ ಮೇಲೆ ಕೂತು ಓದಿದೆ. ಏಳೆಂಟು ಹೆಂಗಸರು ರೊಟ್ಟಿಗಂಟು ಬಿಚ್ಚಿಕೊಂಡು ಸುತ್ತ ಕೂತರು. ಕೃಷ್ಣ ಸೆರೆಮನೆಯಲ್ಲಿ ಹುಟ್ಟುವ ಕಡೆ ಬಂದಾಗ ಅವಳು, ಆ ತಾಯಿಗೆ ಹೆರಿಗೆ ಮಾಡಿಸಿದವರು ಯಾರು ಎಂದು ಕೇಳಿದಳು. ಪುಸ್ತಕದಲ್ಲಿ ಅದಿರಲಿಲ್ಲ.

ಮೂರನೆಯ ಭಾನುವಾರ ಕೂಲಿಗಳ ಮೇಲಿನ ಮುಕಾದಮ ಬಂದ. ಇದು ಮಠವಲ್ಲ, ಹೊರಗೆ ನಡಿ ಎಂದು ಹಿಂದಿಯಲ್ಲಿ ಗದರಿದ. ನಡೆದೆ. ಗೇಟಿನ ಆಚೆ ರಸ್ತೆಯ ಅಂಚಿನಲ್ಲಿ ಕೂತು, ಬಿಟ್ಟ ಸಾಲಿನಿಂದಲೇ ಗಟ್ಟಿಯಾಗಿ ಓದತೊಡಗಿದೆ. ಇಟ್ಟಿಗೆ ಹೊರುವವಳು ಮೊದಲು ಎದ್ದಳು. ಹಿಂದೆಯೇ ಉಳಿದವರೂ ರೊಟ್ಟಿ ಹಿಡಿದುಕೊಂಡು ಹೊರಗೆ ಬಂದು ನನ್ನ ಪಕ್ಕ ಕೂತರು. ರಸ್ತೆ ಅವನದಲ್ಲ, ಊಟದ ಹೊತ್ತು ಅವರದು. ಮುಕಾದಮ ಗೇಟಿನಲ್ಲಿ ನಿಂತು ಒಂದು ಬೀಡಿ ಪೂರ್ತಿ ಸೇದಿದ, ಆಮೇಲೆ ಒಳಗೆ ಹೋದ.

ಓದಿದ ಮೇಲೆ ಇಟ್ಟಿಗೆ ಹೊರುವವಳಿಗೆ ಅಕ್ಷರ ಹೇಳಿಕೊಡತೊಡಗಿದೆ. ಕಟ್ಟಡದ ನಾಲ್ಕನೆಯ ಮಹಡಿ ಏಳುವ ಹೊತ್ತಿಗೆ ಅವಳು ಬೆರಳಿಟ್ಟು ಅಕ್ಷರ ಕೂಡಿಸಿ ಓದುತ್ತಿದ್ದಳು. ತಪ್ಪಿದರೆ ನಾನು ತಿದ್ದುವ ಮೊದಲೇ ತಾನೇ ಸಿಟ್ಟಾಗುತ್ತಿದ್ದಳು. ಕೆಲಸ ಮುಗಿದು ಅವರ ತಂಡ ಬೇರೆ ಕಡೆಗೆ ಹೊರಟಾಗ, ಎಲ್ಲಿಗೆಂದು ಅವಳಿಗೂ ಗೊತ್ತಿರಲಿಲ್ಲ. ಪುಸ್ತಕವನ್ನು ಬಟ್ಟೆಗಂಟಿನೊಳಗೆ ಇಟ್ಟುಕೊಂಡು ಹೋದಳು. ಮತ್ತೆ ಸಿಗಲಿಲ್ಲ.

ಅಣ್ಣ ಕೊನೆಯವರೆಗೂ ಒಪ್ಪಲಿಲ್ಲ. ಸ್ಟೇಷನ್ನಿನಲ್ಲಿ ನನ್ನ ಎದುರು ಹಾಯುವಾಗ ಪೇಪರನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದ. ನಾನು ಅವನಿಗೂ ಪುಸ್ತಕ ಚಾಚುತ್ತಿದ್ದೆ. ಹೀಗೇ ಆರು ವರ್ಷ ನಡೆಯಿತು. ಅಷ್ಟರಲ್ಲಿ ಅವನ ಒಂದು ಕೆಲಸವೂ ಕೆಡಲಿಲ್ಲ, ಬಡ್ತಿಯೂ ಸಿಕ್ಕಿತು. ಬಡ್ತಿಯ ಪೇಢೆ ತಿನ್ನುವಾಗ, ದಿನಾ ನಾನು ಎದುರಾಗಿಯೂ ಕೆಲಸ ಕೆಡಲಿಲ್ಲವಲ್ಲ ಎಂದು ನಾನೇ ಎತ್ತಿ ಹೇಳಿದೆ. ಅಣ್ಣ ಕಿಟಕಿಯ ಕಡೆ ನೋಡಿದ. ವೈನಿ ಮಾತ್ರ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು, ನನಗೆ ಇನ್ನೊಂದು ಪೇಢೆ ಕೊಟ್ಟರು.