ಬಿತ್ತನೆ ಜೋಳದ ರೊಟ್ಟಿ

1966ರ ಮುಂಗಾರಿನಲ್ಲಿ ನಾನು ಹೆಬ್ಬಾಳದ ಕಡೆಯ ಒಂದು ಸಂಶೋಧನಾ ಕೇಂದ್ರದಲ್ಲಿ ಸಹಾಯಕಿಯಾಗಿದ್ದೆ. ನಮ್ಮದು ಸಂವಹನ ವಿಭಾಗ. ರೇಡಿಯೋದಲ್ಲಿ ಹೇಳಿದ ಕೃಷಿಯ ಮಾತು ರೈತರಿಗೆ ಎಷ್ಟು ಮುಟ್ಟಿತು ಎಂದು ಹಳ್ಳಿ ಸುತ್ತಿ ಅಳೆಯುವುದು ಕೆಲಸ. ವಿಭಾಗಕ್ಕೆಲ್ಲ ನಾನೊಬ್ಬಳೇ ಹೆಂಗಸು. ಸಂದರ್ಶನ ಮಾಡುವವರು ಗಂಡಸರು, ಅವರು ತಂದದ್ದನ್ನು ಕೂಡಿ ಕಳೆದು ಕೋಷ್ಟಕ ಹಾಕುವವಳು ನಾನು. ನನ್ನನ್ನೂ ಹಳ್ಳಿಗೆ ಕಳಿಸಿ ಎಂದು ಮುಖ್ಯಸ್ಥರ ಪ್ರಾಣ ತಿಂದಿದ್ದೆ. ಕೊನೆಗೊಂದು ದಿನ, “ಬಾಮ್ಮ, ಜೀಪಲ್ಲಿ ಜಾಗ ಇದೆ” ಎಂದರು. ಯೋಗ್ಯತೆ ಇದೆ ಎನ್ನಲಿಲ್ಲ, ಜಾಗ ಇದೆ ಎಂದರು. ಸಿಟ್ಟು ನುಂಗಿಕೊಂಡು ಹತ್ತಿದೆ.

ಆಗ ಹೈಬ್ರಿಡ್ ಮುಸುಕಿನ ಜೋಳ ಹೊಸದಾಗಿ ಬಂದಿತ್ತು. ಬೀಜ ಕೊಳೆಯದಿರಲೆಂದು ಅದಕ್ಕೆ ಪಾದರಸ ಬೆರೆತ ಔಷಧ ಲೇಪಿಸುತ್ತಿದ್ದರು. ಅದು ವಿಷ. ನೋಡಿದ ಕೂಡಲೇ ತಿಳಿಯಲೆಂದು ಗುಲಾಬಿ ಬಣ್ಣವನ್ನೂ ಹಾಕುತ್ತಿದ್ದರು. ಬಿತ್ತಿ ಉಳಿದ ಬೀಜವನ್ನು ತಿನ್ನಬೇಡಿ, ದನಕ್ಕೂ ಹಾಕಬೇಡಿ, ಹೂತುಬಿಡಿ ಎಂದು ಪಂಚಾಯತಿ ರೇಡಿಯೋ ಸಂಜೆ ಹೊತ್ತು ಹೇಳುತ್ತಿತ್ತು. ಆ ಮಾತು ತಲುಪಿತೇ ಎಂಬುದೇ ನಮ್ಮ ಅಧ್ಯಯನ. ನಿಯಮದ ಪ್ರಕಾರ ಮನೆಯ ಯಜಮಾನರನ್ನು ಮಾತ್ರ ಕೇಳಬೇಕು. ಅದುವರೆಗೆ ಕೇಳಿದ ಯಜಮಾನರೆಲ್ಲ ಸರಿಯಾಗಿಯೇ ಉತ್ತರ ಹೇಳಿದ್ದರು. ಮುಖ್ಯಸ್ಥರಿಗೆ ಖುಷಿಯೋ ಖುಷಿ.

ಯಲಹಂಕ ದಾಟಿ ಒಂದು ಹಳ್ಳಿ. ಪಿಳ್ಳಪ್ಪ ಎಂಬ ರೈತರ ಜಗುಲಿಯ ಮೇಲೆ ಕುಳಿತೆವು. ಆ ಕಡೆ ಹೊರಗಿನ ಹೆಂಗಸನ್ನು ಗಂಡಸರ ನಡುವೆ ಜಗುಲಿಯಲ್ಲಿ ಕೂರಿಸುವುದು ಮನೆಗೇ ಅಗೌರವ. ನಾನು ಪೆನ್ನಿನ ಮುಚ್ಚಳ ತೆಗೆಯುವಷ್ಟರಲ್ಲಿ ಅವರ ಹೆಂಡತಿ ಮುನಿಯಮ್ಮ ಬಾಗಿಲಿಗೆ ಬಂದರು.

“ಗಂಡಸ್ರ ಮಧ್ಯೆ ಯಾಕ್ ಕುಂತಿದ್ದೀಯವ್ವಾ, ಒಳೀಕ್ ಬಾ.”

ಸಂದರ್ಶನ ತಪ್ಪಿತಲ್ಲ ಎಂದು ಒಳಗೊಳಗೇ ಕುದಿಯುತ್ತ ಹೋದೆ. ಅಡುಗೆಮನೆಯಲ್ಲಿ ಒಲೆ ಉರಿಯುತ್ತಿತ್ತು. ತುಂಬು ಬಸುರಿ ಸೊಸೆ ಗೋಡೆಗೆ ಒರಗಿ ಕೂತಿದ್ದಳು. ಮುನಿಯಮ್ಮ ಬಿಸಿ ರೊಟ್ಟಿಯ ತಟ್ಟೆಯನ್ನು ನನ್ನ ಕೈಗಿಟ್ಟರು. ನನಗೂ ಹಸಿವಾಗಿತ್ತು. ಮುರಿದು ಬಾಯಿಗಿಡುವ ಮೊದಲು, ಏನಾದರೂ ಮಾತಾಡಬೇಕಲ್ಲ ಎಂದು, ಇದು ಯಾವ ಹಿಟ್ಟು ಎಂದೆ.

“ಬಿತ್ತನೇದು ಉಳೀತಲ್ಲ, ಆ ಜೋಳ. ಏನೋ ಬಣ್ಣ ಆಕವ್ರೆ. ನೀರು ಬೆಳ್ಳಗ್ ಬರೋಗಂಟ ತೊಳ್ದು ಒಣಗಾಕಿ ಬೀಸ್ದೆ.”

ರೇಷನ್ ಅಂಗಡಿಯ ಗೋಧಿಗೆ ಸಾಲು ನಿಲ್ಲುತ್ತಿದ್ದ ಕಾಲ. ಕಾಳು ಬಿಸಾಡಲು ಯಾರಿಗೆ ಮನಸ್ಸು ಬರುತ್ತದೆ? ಬಣ್ಣ ತೊಳೆದರೆ ಹೋಗುತ್ತದೆ, ವಿಷ ಹೋಗುವುದಿಲ್ಲ. ತಟ್ಟೆಯನ್ನು ಕೆಳಗಿಟ್ಟೆ. ಯಾರಾದರೂ ತಿಂದಿರಾ ಎಂದು ಕೇಳಿದೆ.

“ಸೊಸೆ ಒಂದ್ ತಿಂದವ್ಳೆ. ಬಸುರಿ ಅಲ್ವಾ, ಅವ್ಳಿಗೇ ಮೊದ್ಲು” ಎಂದರು ಮುನಿಯಮ್ಮ. ಸೊಸೆ ನನ್ನ ಮುಖ ನೋಡಿಯೇ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು.

ನಾನು ಜಗುಲಿಗೆ ಓಡಿ ಬಂದಾಗ ಪಿಳ್ಳಪ್ಪನವರು, “ಉಳಿದ್ ಬೀಜ ತಿನ್ನಬಾರ್ದು, ಊಳಬೇಕು ಸ್ವಾಮಿ” ಎನ್ನುತ್ತಿದ್ದರು. ಒಳಗಿನ ಸಂಗತಿ ಹೇಳಿದೆ. ಮುಖ್ಯಸ್ಥರು ನಂಬಲಿಲ್ಲ.

“ಇವರಿಗೆ ಎಲ್ಲ ಸರಿಯಾಗಿ ಅರ್ಥ ಆಗಿದೆಯಲ್ಲಮ್ಮ?”

“ಅರ್ಥ ಆದೋರು ಅಡುಗೆ ಮಾಡಲ್ಲ ಸರ್” ಎಂದೆ. ಅವರೆದುರು ನಾನು ದನಿ ಎತ್ತಿದ್ದು ಅದೇ ಮೊದಲು. ಪಿಳ್ಳಪ್ಪನವರು ಎದ್ದು ಒಳಗೆ ಓಡಿದರು. ಉಳಿದ ಬೀಜದ ಚೀಲವನ್ನು ಏನೂ ಹೇಳದೆ ಹೆಂಡತಿಯ ಕೈಗೆ ಕೊಟ್ಟವರು ಅವರೇ. ರೇಡಿಯೋ ಇದ್ದ ಪಂಚಾಯತಿ ಕಟ್ಟೆಗೆ ಹೆಂಗಸರು ಹೋಗುವ ರೂಢಿಯಿರಲಿಲ್ಲ, ಅಲ್ಲಿ ಕೇಳಿದ್ದನ್ನು ಮನೆಯಲ್ಲಿ ಹೇಳುವ ರೂಢಿ ಗಂಡಸರಿಗಿರಲಿಲ್ಲ.

ಸೊಸೆಯನ್ನೂ ಪಿಳ್ಳಪ್ಪನವರನ್ನೂ ಜೀಪಿನಲ್ಲಿ ಆಸ್ಪತ್ರೆಗೆ ಕಳಿಸಿದೆವು. ಉಳಿದ ಮನೆಗಳ ಗತಿ? ಅಡುಗೆಮನೆಗೆ ಗಂಡಸರನ್ನು ಬಿಡುವಂತಿಲ್ಲ. ಮುಖ್ಯಸ್ಥರು ನನ್ನ ಕಡೆ ತಿರುಗಿ, “ಈಗೇನು ಮಾಡೋಣ, ನೀವೇ ಹೇಳಿ” ಎಂದರು. ಅಲ್ಲಿಯವರೆಗೆ ನಾನು ‘ಬಾಮ್ಮ, ಹೋಗಮ್ಮ’ ಆಗಿದ್ದವಳು. ಹಿಗ್ಗಲು ಪುರುಸೊತ್ತಿರಲಿಲ್ಲ. ಮುನಿಯಮ್ಮನ ಕೈ ಹಿಡಿದು ಮನೆಮನೆ ಹೊಕ್ಕೆ. ಒಂದು ಮನೆಯಲ್ಲಿ ಜೋಳ ಮೊರದಲ್ಲಿ ಒಣಗುತ್ತಿತ್ತು, ಇನ್ನೊಂದರಲ್ಲಿ ಬೀಸುಕಲ್ಲಿನ ಪಕ್ಕದಲ್ಲಿತ್ತು. ಬೇರೆ ಯಾರೂ ತಿಂದಿರಲಿಲ್ಲ. ಎಲ್ಲವನ್ನೂ ತಂದು, ಊರಾಚೆ ಬಾವಿಯಿಂದ ದೂರ ಆಳವಾದ ಗುಂಡಿ ತೋಡಿಸಿ ಹೂಳಿಸಿದೆವು.

ಆಸ್ಪತ್ರೆಯ ವೈದ್ಯರು ಹೇಳಿದ್ದಿಷ್ಟು: ಒಂದೇ ರೊಟ್ಟಿ, ತಾಯಿಗೆ ಅಪಾಯ ಕಾಣುವುದಿಲ್ಲ, ಮಗುವಿನ ವಿಚಾರ ಹುಟ್ಟಿದ ಮೇಲೆ. ಆಮೇಲಿನ ದಿನಗಳನ್ನು ಹೇಗೆ ದೂಡಿದೆನೋ ನನಗೇ ಗೊತ್ತು. ಅನ್ನ ಸೇರುತ್ತಿರಲಿಲ್ಲ. ಈ ನಡುವೆ ಹೊಸ ಅಧ್ಯಯನವನ್ನು ಮುಖ್ಯಸ್ಥರು ನನ್ನ ಕೈಗೇ ಕೊಟ್ಟರು. ಹೆಂಗಸರನ್ನು ಕೇಳಲು ಹೆಂಗಸರೇ ಬೇಕೆಂದು ಹಟ ಹಿಡಿದು ಇಬ್ಬರು ಹುಡುಗಿಯರನ್ನು ಸೇರಿಸಿಕೊಂಡೆ. ಕೆಲಸವೇನೋ ನಡೆಯುತ್ತಿತ್ತು, ಭಯ ಮಾತ್ರ ಹೋಗಲಿಲ್ಲ.

ಒಂದು ಬೆಳಗ್ಗೆ ಮುನಿಯಮ್ಮ ಯಾರದೋ ತರಕಾರಿ ಗಾಡಿಯಲ್ಲಿ ಹೆಬ್ಬಾಳಕ್ಕೇ ಬಂದು ನಮ್ಮ ಗೇಟಿನ ಮುಂದೆ ನಿಂತಿದ್ದಾರೆಂದು ಕಾವಲುಗಾರ ಹೇಳಿಕಳಿಸಿದ. ಬರೆಯುತ್ತಿದ್ದ ಕೋಷ್ಟಕವನ್ನು ಅರ್ಧಕ್ಕೇ ಬಿಟ್ಟು ಹೋದೆ.

“ಹೆಣ್ಣು” ಎಂದರು. ಮಗು ಹೇಗಿದೆ ಎಂದೆ. “ಚೆನ್ನಾಗೈತೆ. ಡಾಕ್ಟ್ರೂ ನೋಡುದ್ರು.”

ಅಲ್ಲೇ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕುಸಿದು ಕೂತು ಅತ್ತುಬಿಟ್ಟೆ. ಅವರು ಪಕ್ಕದಲ್ಲೇ ಕೂತರು. ನನ್ನ ಅಳು ಮುಗಿಯುವವರೆಗೆ ಕಾದು ಎದ್ದು ನಿಂತರು.

“ಇನ್ಮ್ಯಾಕೆ ಬೀಜಕ್ಕೆ ಏನ್ ಆಕಿದ್ರೂ ನನ್ಗೆ ಬಂದ್ ಏಳ್ಬೇಕು. ನಮ್ಮೆಜಮಾನ್ರಿಗಲ್ಲ.”

ಆಗಲಿ ಎಂದೆ. ನನ್ನ ಉಳಿದ ನೌಕರಿಯೆಲ್ಲ ಆ ಒಂದು ಮಾತು ನಡೆಸುವುದರಲ್ಲೇ ಕಳೆಯಿತು.