ಬಸ್ಸಿನಲ್ಲಿ ಬರುತ್ತಿದ್ದ ಪದ್ಯದ ಪುಸ್ತಕ

ನನ್ನ ಫೋನಿನಲ್ಲಿ ಈಗ ಕವಿಗಳ ಗುಂಪೊಂದಿದೆ. ಪದ್ಯ ಹಾಕಿದ ಅರೆ ನಿಮಿಷಕ್ಕೆ ಹತ್ತು ಜನ ಕೈಮುಗಿದ ಚಿತ್ರ ಕಳಿಸುತ್ತಾರೆ. ಅಷ್ಟುದ್ದದ ಪದ್ಯವನ್ನು ಅರೆ ನಿಮಿಷದಲ್ಲಿ ಓದಿ ಅರಗಿಸಿಕೊಳ್ಳುವ ಆ ಮಹಾನುಭಾವರು ಯಾರೋ ನನಗಂತೂ ಗೊತ್ತಿಲ್ಲ. ನಾನೂ ಕಳಿಸುತ್ತೇನೆ, ಸುಳ್ಳೇಕೆ ಹೇಳಲಿ. ಆದರೆ ಕಲ್ಯಾಣದುರ್ಗದ ಸೈಕಲ್ ಶಾಪಿನ ಅಣ್ಣ ಇದನ್ನು ನೋಡಿದ್ದರೆ ಏನಂದುಕೊಳ್ಳುತ್ತಿದ್ದರೋ ಎಂದು ಪ್ರತಿ ಸಲವೂ ನಾಚಿಕೆಯಾಗುತ್ತದೆ.

ಅದು ಎಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನಾನು ಆಂಧ್ರದ ಗಡಿಯೂರು ಹಿಂದೂಪುರದ ಶಾಲೆಯೊಂದರ ಕನ್ನಡ ವಿಭಾಗದಲ್ಲಿ ಟೀಚರ್. ನಮ್ಮದು ನೇಕಾರರ ಮನೆತನವಾದರೂ ಅಪ್ಪನ ಕಾಲಕ್ಕೇ ಮಗ್ಗ ಬಿಟ್ಟು ಬಟ್ಟೆ ಅಂಗಡಿ ಇಟ್ಟಾಗಿತ್ತು. ಒಂದು ವಾರಪತ್ರಿಕೆಯ ಮೂಲೆಯಲ್ಲಿ ನನ್ನ ಪದ್ಯ ಬಂದು, ಕೆಳಗೆ ಊರಿನ ಹೆಸರೂ ಇತ್ತು. ಅದನ್ನು ನೋಡಿದ ಕಲ್ಯಾಣದುರ್ಗದ ಒಬ್ಬರು ಶಾಲೆಯ ವಿಳಾಸಕ್ಕೆ ಕಾರ್ಡು ಬರೆದರು. ತಾನು ಸೈಕಲ್ ಶಾಪ್ ಇಟ್ಟುಕೊಂಡಿರುವುದಾಗಿಯೂ, ಪದ್ಯದ ಹುಚ್ಚು ಇರುವುದಾಗಿಯೂ, ತನ್ನಂಥ ಇನ್ನಿಬ್ಬರು ಇದ್ದಾರೆಂದೂ ಅದರಲ್ಲಿತ್ತು. ಒಬ್ಬರು ಬೆಳುಗುಪ್ಪ ಕಡೆ ಕಡಲೆಕಾಯಿ ಬೆಳೆಯುವ ರೈತರು, ಇನ್ನೊಬ್ಬರು ಕೊಡಿಕೊಂಡದ ಚೆಕ್‌ಪೋಸ್ಟಿನ ಹತ್ತಿರ ಟೀ ಅಂಗಡಿ ನಡೆಸುವವರು. ಮೂರು ಊರಿನ ಮೂರು ಜನ ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಪದ್ಯ ಬರೆದು, ಅದನ್ನು ಬಸ್ಸಿನ ಡ್ರೈವರ್ ಕೈಯಲ್ಲಿ ಊರಿಂದ ಊರಿಗೆ ಕಳಿಸುತ್ತಿದ್ದರು. ನಾನು ನಾಲ್ಕನೆಯವಳಾಗಿ ಸೇರಿಕೊಂಡೆ.

ಪುಸ್ತಕ ಬಟ್ಟೆಯ ಚೀಲದಲ್ಲಿ ಬರುತ್ತಿತ್ತು. ಸಂಜೆ ಶಾಲೆ ಬಿಟ್ಟ ಮೇಲೆ ನಾನು ಬಸ್‌ಸ್ಟ್ಯಾಂಡಿಗೆ ಹೋಗಿ ಕಾಯುತ್ತಿದ್ದೆ. ಡ್ರೈವರು ಸೀಟಿನ ಹಿಂದಿನಿಂದ ಚೀಲ ಎಳೆದು ಕೊಟ್ಟು, "ನಿಮ್ಮ ರಾಮಾಯಣ ಬಂತು ನೋಡಮ್ಮ" ಎನ್ನುತ್ತಿದ್ದ. ಎಡಗಡೆಯ ಪುಟದಲ್ಲಿ ಪದ್ಯ, ಬಲಗಡೆಯ ಪುಟ ಉಳಿದವರ ಅಭಿಪ್ರಾಯಕ್ಕೆ. ಮೊದಲನೇ ಹಾಳೆಯಲ್ಲಿ ಸೈಕಲ್ ಶಾಪಿನ ಅಣ್ಣ ಎರಡೇ ಎರಡು ರೂಲು ಬರೆದಿದ್ದರು. ಒಂದು, ಏನು ಹೇಳುವುದಿದ್ದರೂ ಮೊದಲು ಆ ಪದ್ಯದಲ್ಲಿ ನಿಮಗೆ ಹಿಡಿಸಿದ ಒಂದು ಸಾಲನ್ನು ನಿಮ್ಮ ಕೈಯಾರೆ ಬರೆಯಬೇಕು. ಹೊಗಳಿಕೆ, ತೆಗಳಿಕೆ ಎಲ್ಲ ಆಮೇಲೆ. ಎರಡು, ಒಂದು ಸಾಲೂ ಹಿಡಿಸದೆ ಹೋದರೆ ಪದ್ಯವನ್ನು ಪೂರ್ತಿ ಬರೆಯಬೇಕು.

ಎರಡನೇ ರೂಲಿನ ಗೊಡವೆಗೆ ಯಾರೂ ಹೋಗುತ್ತಿರಲಿಲ್ಲ. ಎಂಥ ಪದ್ಯದಲ್ಲೂ ಹುಡುಕಿದರೆ ಒಂದು ಸಾಲು ಸಿಕ್ಕೇ ಸಿಗುತ್ತದೆ, ಪೂರ್ತಿ ಬರೆಯುವುದಕ್ಕಿಂತ ಹುಡುಕುವುದೇ ವಾಸಿ. ಹುಡುಕುವುದರಲ್ಲಂತೂ ಆ ಅಣ್ಣನನ್ನು ಮೀರಿಸಿದವರನ್ನು ನಾನು ಈ ವಯಸ್ಸಿನವರೆಗೂ ಕಂಡಿಲ್ಲ. ಟೀ ಅಂಗಡಿಯವರು ಒಮ್ಮೆ ಲಾರಿಯವರ ಮೇಲೆ ಪದ್ಯ ಬರೆದಿದ್ದರು. ನನಗೆ ಅದು ಸಪ್ಪೆ ಅನ್ನಿಸಿತ್ತು. ಅಣ್ಣ ಅದರಿಂದ "ಟೀ ಕೇಳಿದವರು ನೂರು ಜನ, ಊಟ ಆಯ್ತಾ ಅಂದವನು ಒಬ್ಬ" ಎಂಬ ಸಾಲನ್ನು ಎತ್ತಿ ಬರೆದು, ಕೆಳಗೆ ಹೀಗೆ ಸೇರಿಸಿದ್ದರು: "ಇವತ್ತು ಪಂಕ್ಚರ್ ಹಾಕಿಸೋಕೆ ಬಂದವರಿಗೆಲ್ಲ ಈ ಸಾಲು ಹೇಳಿದೀನಿ. ಒಬ್ಬ ಇನ್ನೊಂದು ಸಲ ಹೇಳು ಅಂದ." ಪತ್ರಿಕೆಯಲ್ಲಿ ಅಚ್ಚಾದ ನನ್ನ ಪದ್ಯವನ್ನು ಯಾರೂ ಇನ್ನೊಂದು ಸಲ ಹೇಳು ಅಂದಿರಲಿಲ್ಲ.

ನನ್ನ ಪದ್ಯಗಳಿಂದ ಅವರು ಆರಿಸುತ್ತಿದ್ದ ಸಾಲು ಮಾತ್ರ ನನಗೆ ಸರಿಬರುತ್ತಿರಲಿಲ್ಲ. ನಾನು ಭಾವಗಗನ, ಅನಂತ, ನಾದಬಿಂದು ಎಂದು ನಿಘಂಟು ತಿರುವಿ ಬರೆದರೆ, ಅದೆಲ್ಲ ಬಿಟ್ಟು "ಬಾವಿಯ ಹಗ್ಗ ಇನ್ನೂ ಒದ್ದೆಯಾಗಿತ್ತು" ಎಂಬಂಥ ಬಡ ಸಾಲನ್ನು ಬರೆದುಕೊಂಡು "ಇದು ನಿಜ ಕಣಮ್ಮ" ಎನ್ನುತ್ತಿದ್ದರು. ಪಾಪ, ಓದು ಕಡಿಮೆ, ದೊಡ್ಡದು ಹಿಡಿಯುವುದಿಲ್ಲ ಎಂದು ನಾನು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ.

ಒಂದು ಸಲ ಬಂದ ಪುಸ್ತಕದಲ್ಲಿ ಐದನೆಯವರೊಬ್ಬರ ಪದ್ಯವಿತ್ತು. ಪುಟ ತೆರೆದವಳೇ ನಾನು ಉರಿದುಬಿದ್ದೆ. ಅಕ್ಷರ ತೆಲುಗಿನದು. ತೆಲುಗು ಪದ್ಯ ಇಲ್ಲಿಗೇಕೆ ಬಂತು ಎಂದು ಮೊದಲ ಸಾಲು ಓದಿದರೆ ಮಾತು ಕನ್ನಡದ್ದು. ಅದರಿಂದ ಸಿಟ್ಟು ಇನ್ನೂ ಏರಿತು. ನಮ್ಮ ಶಾಲೆಯ ಕನ್ನಡ ವಿಭಾಗಕ್ಕೆ ವರ್ಷ ವರ್ಷ ಮಕ್ಕಳು ಕಡಿಮೆಯಾಗುತ್ತಿದ್ದರು. ಮನೆಮನೆಗೆ ಹೋಗಿ ಮಕ್ಕಳನ್ನು ಸೇರಿಸಿ ಎಂದು ಕೈಮುಗಿದು ಬರುತ್ತಿದ್ದವಳು ನಾನು. ಆ ಸಂಕಟವನ್ನೆಲ್ಲ ಗುರುತು ಪರಿಚಯವಿಲ್ಲದ ಒಬ್ಬ ಮನುಷ್ಯನ ಮೇಲೆ ಹಾಕಿದೆ. ಎರಡನೇ ಸಾಲಿಗೂ ಹೋಗಲಿಲ್ಲ. ಬಲಗಡೆಯ ಪುಟದಲ್ಲಿ, ಬೋರ್ಡಿನ ಮೇಲೆ ಬರೆಯುವಂತೆ ದುಂಡಗೆ ಬರೆದೆ: "ಇದು ಕನ್ನಡದ ಪುಸ್ತಕ. ಅಕ್ಷರ ಬಾರದವರು ಮೊದಲು ಅಕ್ಷರ ಕಲಿತು ಬರಲಿ." ಹಿಡಿಸಿದ ಸಾಲನ್ನೂ ಬರೆಯಲಿಲ್ಲ, ಪೂರ್ತಿ ಪದ್ಯವನ್ನೂ ಬರೆಯಲಿಲ್ಲ. ಪುಸ್ತಕ ಚೀಲಕ್ಕೆ ಹಾಕಿ ಬಸ್ಸು ಹತ್ತಿಸಿದೆ.

ಅದು ಮರಳಿ ಬಂದಾಗ ನನ್ನ ಬರಹದ ಕೆಳಗೆ ಅಣ್ಣನ ಕೈಬರಹವಿತ್ತು. "ಟೀಚರಮ್ಮ, ಇವರು ನಿಮ್ಮೂರಿನೋರೇ. ನೇಕಾರರ ಬೀದಿಯಾಗೆ ನನ್ನ ಹೆಂಡ್ರ ಅಕ್ಕನ ಮನೆ ಪಕ್ಕ ಇದಾರೆ. ಐದನೇ ಕ್ಲಾಸ್‌ಗಂಟ ತೆಲುಗು ಇಸ್ಕೂಲು, ಅದಕ್ಕೆ ಆ ಅಕ್ಷರ. ಕನ್ನಡ ಅಕ್ಷರ ಕೂಡಿಸ್ಕಂಡು ಓದ್ತಾರೆ, ಬರೆಯೋಕೆ ಬರಲ್ಲ. ಬಾಯಾಗೆ ಹೇಳಿದ್ದನ್ನ ನಾನೇ ಹಿಡ್ಕಂಡು ಬರೆಸಿದೆ. ಮೊನ್ನೆ ಹಿಂದೂಪುರಕ್ಕೆ ಬಂದಾಗ ನಿಮ್ಮ ಮಾತು ತೋರಿಸಬೇಕಾಯ್ತು, ಮುಚ್ಚಿಡೋದು ನಮ್ಮ ಪದ್ಧತಿ ಅಲ್ಲ. ನನ್ನ ಹಾಳೆ ಕಿತ್ತಾಕಿ ಅಂದವ್ರೆ. ನಾನು ಕಿತ್ತಿಲ್ಲ. ನಲವತ್ತೈದು ವರ್ಷಕ್ಕೆ ಒಂದು ಪದ್ಯ ಬರೆದವ್ರೆ ಕಣಮ್ಮ. ಇನ್ನೊಂದು ಬರೀತಾರೋ ಇಲ್ವೋ ನಿಮ್ಮ ಕೈಯಾಗೈತೆ. ಸಾಲು ಹಿಡಿಸದಿದ್ರೆ ಪೂರ್ತಿ ಬರೀಬೇಕು, ರೂಲು ರೂಲೇ."

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಬೈಯದ ಮನುಷ್ಯನ ಮುಂದೆ ಏನು ಮಾಡುವುದು? ಒಲ್ಲದ ಮನಸ್ಸಿನಿಂದಲೇ ಪೆನ್ನು ಹಿಡಿದು ಕೂತೆ. ತೆಲುಗು ಅಕ್ಷರ ನೋಡುತ್ತಾ ಕನ್ನಡ ಅಕ್ಷರದಲ್ಲಿ ಬರೆಯುತ್ತಾ ಹೋದೆ.

ಎಳೆ ಕಿತ್ತೋಯ್ತು, ಮಗ್ಗ ನಿಲ್ಲಿಸ್ದೆ.
ಒಳಗೆ ನೀನು ಮಾತಾಡ್ತಾ ಇದ್ದೆ.
ಯಾವಾಗಿಂದ ಮಾತಾಡ್ತಾ ಇದ್ದೀಯೋ
ಲಾಳಿ ಸದ್ದಿನಾಗೆ ತಿಳೀಲಿಲ್ಲ.
ಎಳೆಗೆ ಗಂಟಾಕೋಕೆ ಒಂದು ಗಳಿಗೆ ಸಾಕು.
ಇವತ್ತು ಬೇಕಂತ್ಲೇ ತಡ ಮಾಡ್ದೆ.

ಕೊನೆಯ ಸಾಲು ಬರೆದು ಪೆನ್ನು ಕೆಳಗಿಟ್ಟೆ. ನನ್ನಜ್ಜಿ ಅಡುಗೆಮನೆಯಿಂದ ಗಟ್ಟಿಯಾಗಿ ಕೂಗಿ ಮಾತಾಡುತ್ತಿದ್ದದ್ದು, ಅದಕ್ಕೆ ನಾವೆಲ್ಲ ನಗುತ್ತಿದ್ದದ್ದು ನೆನಪಾಯಿತು. ಮಗ್ಗದ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವಳ ಗಂಟಲೇ ಹಾಗಾಗಿತ್ತು ಎಂದು ಆವರೆಗೆ ನನಗೆ ಹೊಳೆದಿರಲಿಲ್ಲ. ನೇಕಾರರ ಮನೆಯ ಹೆಣ್ಣು ನಾನು, ಹತ್ತು ವರ್ಷ ಪದ್ಯ ಬರೆದಿದ್ದೆ, ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಹೊಟ್ಟೆಕಿಚ್ಚಾಯಿತು. ಅದಕ್ಕಿಂತ ಹೆಚ್ಚಾಗಿ ಅವಮಾನವಾಯಿತು. ಆ ಮನುಷ್ಯ ಇನ್ನು ಬರೆಯದೆ ಹೋದರೆ ಆ ಪಾಪ ನನ್ನದೇ ಎಂದು ಭಯವೂ ಆಯಿತು.

ಮಾರನೇ ದಿನ ಶಾಲೆ ಬಿಟ್ಟ ಮೇಲೆ ಪುಸ್ತಕ ಹಿಡಿದು ಆ ಬೀದಿಗೆ ಹೋದೆ. ನಮ್ಮ ಮನೆಯಿಂದ ನಾಲ್ಕೇ ಬೀದಿ. ಬಾಗಿಲಲ್ಲಿ ಅವರ ಹೆಂಡತಿ ನೂಲು ಸುತ್ತುತ್ತಾ ಕೂತಿದ್ದರು. ಒಳಗೆ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಅವರು ನೇಯುತ್ತಿದ್ದರು. ನಾನು ಯಾರೆಂದು ಹೇಳಿದೆ. ಅವರು ತಲೆ ಎತ್ತಿ ನೋಡಿ, ನಮಸ್ಕಾರ ಎಂದು, ಮತ್ತೆ ಲಾಳಿ ಎಸೆದರು.

"ತಪ್ಪಾಯ್ತು ಅಣ್ಣ, ಓದದೇನೇ ಬರೆದ್ಬುಟ್ಟೆ" ಎಂದೆ.

"ಪರ್ವಾಲೇದು ಟೀಚರಮ್ಮ. ನಂದೇನು ಪದ್ಯವಾ, ಸುಮ್ಕೆ ಬಾಯಿಗೆ ಬಂದಿದ್ದು" ಎಂದರು. ಮಗ್ಗ ನಿಲ್ಲಿಸಲಿಲ್ಲ.

ಹೆಂಡತಿ ನಮ್ಮಿಬ್ಬರನ್ನೂ ನೋಡಿ, "ಏನು ಪದ್ಯ?" ಎಂದರು. ಆಕೆಗೆ ವಿಷಯವೇ ಗೊತ್ತಿರಲಿಲ್ಲ. ಓದಲು ಬರುವುದಿಲ್ಲ, ಆತ ಹೇಳಿಯೂ ಇರಲಿಲ್ಲ. ನಾನು ಹಿಂದುಮುಂದು ನೋಡದೆ ಪುಸ್ತಕ ತೆರೆದು, ತರಗತಿಯಲ್ಲಿ ಓದುವಷ್ಟೇ ಗಟ್ಟಿಯಾಗಿ ಓದಿಬಿಟ್ಟೆ. ಎರಡನೇ ಸಾಲಿಗೆ ಮಗ್ಗ ನಿಂತಿತು. ಓದಿ ಮುಗಿಸಿದ ಮೇಲೆ ಆಕೆ ನೂಲನ್ನು ಪಕ್ಕಕ್ಕಿಟ್ಟರು.

"ಆವತ್ತು ಉಪ್ಪು ಮುಗ್ದೈತೆ ಅಂತ ಹೇಳ್ತಿದ್ದೆ ಕಣಮ್ಮ" ಎಂದರು. "ನಾನೇ ಹೋಗಿ ತಂದೆ. ಕೇಳುಸ್ಕಂಡೂ ಸುಮ್ಕೆ ಕುಂತಿದ್ರು ನೋಡು ಈ ಯಪ್ಪ."

ಗಂಡ ನಕ್ಕರು. ಆಕೆ ನಗಲಿಲ್ಲ, ಸೆರಗಿನಿಂದ ಮುಖ ಒರೆಸಿಕೊಂಡು, "ಇನ್ನೊಂದು ಕಿತ ಓದು" ಎಂದರು. ಓದಿದೆ. ಮೂರನೇ ಸಲವೂ ಓದಿಸಿದರು. ಅಷ್ಟು ಹೊತ್ತೂ ಆತ ಲಾಳಿಯನ್ನು ಕೈಯಲ್ಲೇ ಹಿಡಿದುಕೊಂಡು ಕೂತಿದ್ದರು. ನಾನು ಹೊರಡುವಾಗ, "ಆ ಪುಸ್ತಕ ಮತ್ತೆ ಈ ಕಡೀಕೆ ಯಾವಾಗ ಬತ್ತದೆ?" ಎಂದು ಕೇಳಿದರು. ನನಗೆ ಹೋದ ಜೀವ ಬಂದಂತಾಯಿತು.

ಪುಸ್ತಕದ ಆ ಸುತ್ತಿನಲ್ಲಿ ನಾನು ನನ್ನ ಅತ್ಯುತ್ತಮ ಪದ್ಯ ಬರೆದೆ. ಇಪ್ಪತ್ನಾಲ್ಕು ಸಾಲು, ನುಡಿದೇವಿಯ ಮೇಲೆ. ಆ ನೇಕಾರರಿಗೆ ಕನ್ನಡದ ಸೊಗಸು ತೋರಿಸಬೇಕು ಎಂಬ ಆಸೆಯೂ ಅದರಲ್ಲಿತ್ತು, ಈಗ ಒಪ್ಪಿಕೊಳ್ಳುತ್ತೇನೆ. ಬೆಳುಗುಪ್ಪದ ರೈತರು ಒಂದು ಸಾಲು ಆರಿಸಿದರು. ಟೀ ಅಂಗಡಿಯವರು ಒಂದು ಸಾಲು ಆರಿಸಿದರು. ಕಲ್ಯಾಣದುರ್ಗದ ಅಣ್ಣನೂ ಹೇಗೋ ಕಷ್ಟಪಟ್ಟು ಒಂದನ್ನು ಹುಡುಕಿದ್ದರು. ಕೊನೆಗೆ ಪುಸ್ತಕ ನೇಕಾರರ ಬೀದಿಗೆ ಹೋಗಿ ನನ್ನ ಕೈಗೆ ಬಂತು.

ಎಡಗಡೆ ಅವರ ಹೊಸ ಪದ್ಯ ಇದೆಯೇ ಎಂದು ಮೊದಲು ನೋಡಿದೆ. ಇತ್ತು. ನಾಲ್ಕು ಸಾಲು, ಬಣ್ಣ ಹಾಕಿದ ನೂಲು ಒಣಗುವ ಹೊತ್ತಿನ ಮೇಲೆ, ಎಷ್ಟು ಸಲೀಸಾಗಿತ್ತು. ಆಮೇಲೆ ನನ್ನ ಪದ್ಯದ ಪುಟಕ್ಕೆ ಬಂದೆ. ಎದುರಿನ ಪುಟದಲ್ಲಿ ಸಣ್ಣ ಸಣ್ಣ ತೆಲುಗು ಅಕ್ಷರ, ಮೇಲಿನಿಂದ ಕೆಳಗಿನವರೆಗೆ. ಅಷ್ಟೂ ಹೊಗಳಿಕೆಯೇ ಇರಬೇಕು ಎಂದು ಹಿಗ್ಗಿ ಓದತೊಡಗಿದೆ. ಅದು ನನ್ನದೇ ಪದ್ಯ. ಇಪ್ಪತ್ನಾಲ್ಕು ಸಾಲನ್ನೂ ಒಂದೂ ಬಿಡದೆ ಬರೆದಿದ್ದರು.

ಸೇಡು ತೀರಿಸಿಕೊಂಡರು ಎಂದುಕೊಂಡು ಚಪ್ಪಲಿ ಮೆಟ್ಟಿ ನೇರ ಅವರ ಮನೆಗೆ ನಡೆದೆ. ಮಗ್ಗದ ಮುಂದೆ ಪುಸ್ತಕ ತೆರೆದು ಹಿಡಿದು, "ಒಂದು ಸಾಲೂ ಹಿಡಿಸ್ಲಿಲ್ವಾ ಅಣ್ಣ?" ಎಂದೆ.

ಅವರು ಮಗ್ಗ ನಿಲ್ಲಿಸಿದರು. ಮುಖದಲ್ಲಿ ಸೇಡೂ ಇರಲಿಲ್ಲ, ಕುಹಕವೂ ಇರಲಿಲ್ಲ. ಕೈಬೆರಳಿಗೆ ಶಾಯಿ ಹತ್ತಿ ಇನ್ನೂ ಹೋಗಿರಲಿಲ್ಲ.

"ಇಲ್ಲ ಟೀಚರಮ್ಮ. ಮೂರು ದಿನ ಹುಡುಕ್ದೆ. ಬರೀತಾ ಬರೀತಾ ಸಿಗ್ತದೇನೋ ಅಂತ ಪೂರ್ತಿ ಬರ್ದೂ ನೋಡ್ದೆ" ಎಂದರು. ಆಮೇಲೆ ಒಳಕ್ಕೆ ತಿರುಗಿ ಹೆಂಡತಿಗೆ ಟೀ ಇಡಲು ಹೇಳಿ, ನನಗೆ, "ಇನ್ನೊಂದು ಬರ್ಕಂಬನ್ನಿ. ಅದ್ರಾಗೆ ಸಿಗ್ತದೆ, ನೋಡ್ತಾ ಇರ್ತೀನಿ" ಎಂದರು.

ನಿಂತಲ್ಲೇ ನನಗೆ ಅಳು ಬಂತು. ಟೀ ಕುಡಿದು ಬಂದೆ. ನನ್ನ ಪದ್ಯ ಹೊಗಳಿದವರು ಅವತ್ತಿಗೂ ಇದ್ದರು, ಇವತ್ತಿಗೂ ಇದ್ದಾರೆ. ಮುಂದಿನ ಪದ್ಯಕ್ಕೆ ಕಾಯುತ್ತೇನೆ ಎಂದವರು ಅವರೊಬ್ಬರೇ.