ಟೀಚರ್ ಮಾಳಿಗೆಯ ಸೋಲಾರ್

ಟೀಚರ್ ಅವರ ಹೆಬ್ಬೆರಳ ಮೇಲೆ ಬೆಸುಗೆ ಕಡ್ಡಿ ತಾಗಿ ಸುಟ್ಟ ಕಪ್ಪು ಕಲೆಯಿತ್ತು. ಬಲಗೈಯೋ ಎಡಗೈಯೋ, ಈಗ ಆಣೆಯಿಟ್ಟು ಹೇಳಲಾರೆ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ ಮೇಲೆ ನನಗೆ ನನ್ನ ನೆನಪಿನ ಮೇಲೇ ಅನುಮಾನ. ಇಲ್ಲಿ ಬರೆಯುವುದರಲ್ಲಿ ಎಷ್ಟು ಕಂಡದ್ದು, ಎಷ್ಟು ಆಮೇಲೆ ಹೆಣೆದುಕೊಂಡದ್ದು ಗೊತ್ತಿಲ್ಲ.

ಭಾಲ್ಕಿಯ ಶಾಲೆಯಲ್ಲಿ ಅವರು ನಮಗೆ ವಿಜ್ಞಾನ ಕಲಿಸಿದರು. ಪಾಠಕ್ಕಿಂತ ಬಿಚ್ಚುವುದೇ ಹೆಚ್ಚು: ಟಾರ್ಚು, ಸೈಕಲ್ ಡೈನಮೋ, ಒಮ್ಮೆ ಶಾಲೆಯ ಕರೆಂಟ್ ಗಂಟೆ. ನಿವೃತ್ತಿಯಾದ ಮೇಲೆ ಔರಾದ್‌ನ ಗಂಡನ ಮನೆಗೆ ಬಂದರು. ಯಜಮಾನರಿಗೆ ದಮ್ಮಿನ ಕಾಯಿಲೆ. ತೊಗರಿ ರಾಶಿಯ ದಿನಗಳಲ್ಲಿ ಹೊಟ್ಟಿನ ಧೂಳಿಗೆ ಸಂಜೆ ಉಸಿರು ಕಟ್ಟುತ್ತಿತ್ತು. ಅದೇ ಹೊತ್ತಿಗೆ ಕರೆಂಟೂ ಹೋಗಿ, ಔಷಧಿಯನ್ನು ಹಬೆಯಾಗಿಸಿ ಉಸಿರಿಗೆ ಕೊಡುವ ನೆಬ್ಯುಲೈಜರ್ ನಿಲ್ಲುತ್ತಿತ್ತು. ಮಾಳಿಗೆಯ ಮೇಲಿದ್ದ ಒಂದೇ ಸೋಲಾರ್ ಪ್ಯಾನಲ್‌ನಿಂದ ಅದಕ್ಕೆ ಬೇಕಾದಷ್ಟು ಬ್ಯಾಟರಿ ತುಂಬುತ್ತಿರಲಿಲ್ಲ. ಇದ್ದದ್ದನ್ನೇ ಬಿಸಿಲಿನ ಹಿಂದೆ ತಿರುಗಿಸೋಣ ಎಂದು ಟೀಚರ್ ನನ್ನನ್ನು ಬೀದರಿನಿಂದ ಕರೆಸಿದರು.

ಬೀದರಿನ ಗಾಂಧಿ ಗಂಜ ಮಾರುಕಟ್ಟೆಯ ಹಿಂದಿನ ಗುಜರಿಯಿಂದ ಹಲ್ಲುಚಕ್ರದ ಸಣ್ಣ ಮೋಟಾರು ಒಯ್ದೆ. ಪ್ಯಾನಲ್ಲನ್ನು ಹಳೆಯ ಸೈಕಲ್ ಚಕ್ರದ ಅಚ್ಚಿನ ಮೇಲೆ ಕೂರಿಸಿದೆವು. ಅದರ ನೆತ್ತಿಗೆ ಅಂಗೈಯಗಲದ ಎರಡು ಪುಟ್ಟ ಪ್ಯಾನಲ್‌ಗಳು, ಸೂರಿನ ಎರಡು ಇಳಿಜಾರಿನಂತೆ, ಒಂದು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ. ಯಾವುದಕ್ಕೆ ಬೆಳಕು ಹೆಚ್ಚೋ ಆ ಕಡೆ ಮೋಟಾರು ತಿರುಗುತ್ತದೆ, ಸಮವಾದರೆ ನಿಲ್ಲುತ್ತದೆ. ಮೊದಲ ದಿನ ತಂತಿ ಅದಲುಬದಲಾಗಿ ಅದು ಸೂರ್ಯನಿಗೆ ಬೆನ್ನು ಹಾಕಿತು.

“ಥೇಟ್ ನಿಮ್ಮ ಟೀಚರ್ ಹಂಗೇ ಅದ ನೋಡು ತಮ್ಮಾ,” ಎಂದರು ಹೊರಸಿನ ಮೇಲಿದ್ದ ಯಜಮಾನರು. “ಸಿಟ್ಟು ಬಂದ್ರ ಮಾರಿ ತಿರುಗಸ್ತದ.”

ಟೀಚರ್ ತಂತಿ ಬದಲಿಸಿ ಕೈ ಒರೆಸಿಕೊಂಡರು. “ಈಗ ನಿಮ್ಹಂಗ ಆಯ್ತು ನೋಡ್ರಿ. ಹೇಳಿದ ಕಡಿ ತಿರುಗ್ತದ.”

ಡಿಸೆಂಬರ್ ಬಂದಾಗಲೂ ನಾನು ಅಲ್ಲೇ ಇದ್ದೆ. ಅವರದು ಮೆಥೋಡಿಸ್ಟ್ ಕ್ರೈಸ್ತ ಮನೆತನ. ತಿಂಗಳು ಹುಟ್ಟಿದ ದಿನವೇ ಬಿದಿರ ಕೋಲಿಗೆ ಕಾಗದದ ನಕ್ಷತ್ರ ಕಟ್ಟಿ ಮಾಳಿಗೆಯ ಮೇಲೆ ನಿಲ್ಲಿಸುತ್ತಾರೆ. ಟೀಚರ್ ಅವರ ಅತ್ತೆಯ ಕಾಲದಿಂದಲೂ ಅದರ ಜಾಗ ರಸ್ತೆಗೆ ಕಾಣುವ ನೈರುತ್ಯ ಮೂಲೆ. ನಕ್ಷತ್ರ ನಿಲ್ಲಿಸಿದ ದಿನವೇ ಮಧ್ಯಾಹ್ನ ಅದರ ನೆರಳು ಪಶ್ಚಿಮದ ಪುಟ್ಟ ಪ್ಯಾನಲ್ಲಿನ ಮೇಲೆ ಬಿತ್ತು. ಯಂತ್ರ ಪೂರ್ವಕ್ಕೆ ತಿರುಗಿಕೊಂಡಿತು. ನೆರಳು ಸರಿಯುವ ಹೊತ್ತಿಗೆ ಅದನ್ನು ವಾಪಸು ತಿರುಗಿಸುವಷ್ಟು ಬಿಸಿಲು ಉಳಿದಿರಲಿಲ್ಲ. ಸಂಜೆ ಕರೆಂಟು ಹೋಯಿತು, ನೆಬ್ಯುಲೈಜರ್ ಸ್ವಲ್ಪ ಹೊತ್ತು ಗುರುಗುಟ್ಟಿ ನಿಂತಿತು. ಯಜಮಾನರನ್ನು ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು. ದಾರಿಯುದ್ದಕ್ಕೂ ಟೀಚರ್ ಗಂಡನ ಬೆನ್ನು ನೀವುತ್ತಿದ್ದರು.

ಮರುದಿನ ನಾನು ನಕ್ಷತ್ರ ಇಳಿಸಲು ಏಣಿ ಹತ್ತಿದೆ.

“ಇಳಸಬ್ಯಾಡ,” ಎಂದರು ಟೀಚರ್. “ಅವರು ಮನಿಗಿ ಬರೋವಾಗ ನಕ್ಷತ್ರ ಇರಬೇಕು. ಉತ್ತರದ ಮೂಲ್ಯಾಗ ನಿಲ್ಲಸು. ಅಲ್ಲಿಂದ ನೆರಳು ಪ್ಯಾನಲ್ ಮ್ಯಾಲೆ ಬೀಳಂಗಿಲ್ಲ.”

ಅತ್ತೆ ಇಟ್ಟ ಜಾಗ ಬದಲಿಸಿದರೆಂದು ನೆಂಟರು ಗೊಣಗಿದರು. ಅವರಿಗೆಲ್ಲ ಟೀಚರ್ ಕೇಕು ಕೊಟ್ಟು ಕಳಿಸಿದರು.

ಹೋದ ವರ್ಷ ಟೀಚರ್ ತೀರಿಕೊಂಡರು. ಯಜಮಾನರು ಇದ್ದಾರೆ. ಆಸ್ಪತ್ರೆಗೆ ಹೋದ ದಿನ ಮೋಡವಿತ್ತು, ನಕ್ಷತ್ರದ್ದೇನೂ ತಪ್ಪಿಲ್ಲ ಎಂಬುದು ಅವರ ವಾದ. ನನಗೂ ಸಂಶಯ ಹತ್ತಿತು. ಈ ಡಿಸೆಂಬರಿನಲ್ಲಿ ಹೋಗಿ ಕೋಲನ್ನು ಹಳೆಯ ಮೂಲೆಯಲ್ಲಿ ನಿಲ್ಲಿಸಿ ಕಾದು ಕೂತೆ. ಆಕಾಶದಲ್ಲಿ ಮೋಡವಿರಲಿಲ್ಲ. ನೆರಳು ಬಿತ್ತು, ಯಂತ್ರ ಪೂರ್ವಕ್ಕೆ ತಿರುಗಿತು. ಕೂಡಲೇ ಕೋಲನ್ನು ಉತ್ತರಕ್ಕೆ ಸರಿಸಿದೆ. ಅದು ತಡವರಿಸುತ್ತ ಪಶ್ಚಿಮಕ್ಕೆ ಮರಳಿತು. ಸಂಜೆ ಕರೆಂಟು ಹೋದಾಗ ನೆಬ್ಯುಲೈಜರ್ ಔಷಧಿ ಮುಗಿಯುವವರೆಗೂ ಓಡಿತು.